ಬಾಡಿಗೆ ಮನೆಯ ದೀಪ ಆರಿದಾಗ

ಮಕ್ಕಳ ಓದಿಗಾಗಿ ಹಳ್ಳಿ ಬಿಟ್ಟು ಬಂದು ಬಾಡಿಗೆ ಮನೆ ಹಿಡಿದ ಕುಟುಂಬಗಳು ಚನ್ನಗಿರಿ, ಹೊನ್ನಾಳಿ, ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿ, ಬಯಲುಸೀಮೆಯ ಜಗಳೂರು ಎಲ್ಲೆಡೆ ಇವೆ. ಮೀಟರಿನ ಆರ್.ಆರ್. ನಂಬರು ಸಾಮಾನ್ಯವಾಗಿ ಮಾಲೀಕರ ಹೆಸರಿನಲ್ಲಿ. ಬಿಲ್ಲು ಕಟ್ಟಬೇಕಾದವರು ಬಾಡಿಗೆಯವರು. ಬಾಕಿ ಉಳಿದರೆ ಬೆಸ್ಕಾಂ ಸಿಬ್ಬಂದಿ ಸಂಪರ್ಕ ಕಡಿಯುತ್ತಾರೆ. ಆಗ ಮನೆಗೂ ಮನೆಯೊಳಗಿನವರಿಗೂ ಏನೇನು ಅಪಾಯ?

ಮೊದಲು ಕಾನೂನು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮಿನಂತೆ, ಬಾಕಿಗಾಗಿ ಸಂಪರ್ಕ ಕಡಿಯುವ ಮುನ್ನ ಕನಿಷ್ಠ 15 ದಿನಗಳ ಲಿಖಿತ ನೋಟೀಸು ಕೊಡಬೇಕು. ಆ ಕಾಗದ ಯಾರ ಕೈಗೆ ಸಿಕ್ಕರೂ ಇನ್ನೊಬ್ಬರಿಗೆ ತಿಳಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಕಡಿದ ಸಂಪರ್ಕವನ್ನು ತಾವೇ ಜೋಡಿಸಿಕೊಳ್ಳುವುದು 138ನೇ ಕಲಮಿನ ಪ್ರಕಾರ ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸವೂ ಆಗಬಹುದು.

ಇನ್ನು ವಿಜ್ಞಾನ. ಕರೆಂಟು ಹೋದ ಮನೆಗೆ ಪಕ್ಕದ ಮನೆಯಿಂದ ಕಿಟಕಿಯಲ್ಲಿ ತೆಳುವಾದ ವೈರು ಎಳೆಯುವುದುಂಟು. 100 ವಾಟ್ ಬಲ್ಬು 230 ವೋಲ್ಟಿನಲ್ಲಿ ಸುಮಾರು 0.43 ಆಂಪಿಯರ್ ಎಳೆದರೆ, 1,000 ವಾಟ್ ಇಸ್ತ್ರಿಪೆಟ್ಟಿಗೆ 4.3 ಆಂಪಿಯರ್ ಎಳೆಯುತ್ತದೆ. ಪ್ರವಾಹ ಹತ್ತು ಪಟ್ಟು; ಆದರೆ ಶಾಖ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದೇ ವೈರಿನಲ್ಲಿ ಹುಟ್ಟುವ ಬಿಸಿ ನೂರು ಪಟ್ಟು! ಹೊದಿಕೆ ಕರಗುತ್ತದೆ, ಪರದೆಗೆ ಬೆಂಕಿ ಹತ್ತುತ್ತದೆ. ಮೇಣದ ಬತ್ತಿಯನ್ನೂ ಹಾಸಿಗೆ, ಪುಸ್ತಕಗಳ ಬಳಿ ಇಡಬಾರದು. ಪರೀಕ್ಷೆಗೆ ಓದುವ ಮಕ್ಕಳಿಗೆ ಚಾರ್ಜು ಮಾಡಿದ ಎಲ್‌ಇಡಿ ದೀಪವೇ ಕ್ಷೇಮ.

ಕರೆಂಟು ಹೋದೊಡನೆ ಮೇನ್ ಸ್ವಿಚ್ ಆಫ್ ಮಾಡಿ. ಇಲ್ಲವಾದರೆ ಮರಳಿ ಬಂದಾಗ, ಮರೆತುಬಿಟ್ಟ ಇಸ್ತ್ರಿಪೆಟ್ಟಿಗೆ ಯಾರೂ ಇಲ್ಲದ ಮನೆಯಲ್ಲಿ ಕಾಯತೊಡಗುತ್ತದೆ. ಖಾಲಿ ಫ್ರಿಜ್ಜಿನ ಬಾಗಿಲು ಸ್ವಲ್ಪ ತೆರೆದಿಟ್ಟರೆ ಬೂಸಲು ಹಿಡಿಯದು.

ನೀರು ನಿಂತಾಗಲೂ ಹೀಗೆಯೇ. ಬಂತೇ ಎಂದು ನಲ್ಲಿ ತಿರುಗಿಸಿ ನೋಡಿ, ಹಾಗೇ ಬಿಟ್ಟು ಹೋಗುವವರೇ ಹೆಚ್ಚು. ನಿಮಿಷಕ್ಕೆ 10 ಲೀಟರ್ ಸುರಿಯುವ ನಲ್ಲಿಯಿಂದ 100 ನಿಮಿಷಕ್ಕೆ 1,000 ಲೀಟರ್ ನೀರು ನೆಲಕ್ಕೂ ಗೋಡೆಗೂ ಇಳಿಯುತ್ತದೆ. ಬಳಸದ ಬಚ್ಚಲಿನ ಬಾಗಿದ ಕೊಳವೆಯಲ್ಲಿನ ನೀರು ಆವಿಯಾದರೆ ಚರಂಡಿಯ ದುರ್ವಾಸನೆ, ಜಿರಲೆ ಒಳಬರುತ್ತವೆ. ಆಗಾಗ ಒಂದು ಚೆಂಬು ನೀರು ಸುರಿದರೆ ಸಾಕು. ತುಂಬಿಟ್ಟ ಡ್ರಮ್ಮುಗಳನ್ನು ಮುಚ್ಚಿ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ. ಡೆಂಗೆ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಏಳೆಂಟು ದಿನ ಸಾಕು.

ಕೊನೆಗೊಂದು ಮಾತು. ಬಾಡಿಗೆ ಬಾಕಿಯೆಂದು ಮಾಲೀಕರೇ ಫ್ಯೂಸ್ ಕೀಳುವುದು, ನೀರು ನಿಲ್ಲಿಸುವುದು ಪರಿಹಾರವಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವೆಡೆ ಸಕಾರಣವಿಲ್ಲದೆ ಅಗತ್ಯ ಸೌಕರ್ಯ ತಡೆಯುವಂತಿಲ್ಲ. ಕತ್ತಲಲ್ಲಿ ಕೆಡುವುದು ಅವರದೇ ಮನೆ. ಕಷ್ಟಪಡುವುದು ಓದುವ ಮಗು.

ವಿದ್ಯಾರ್ಥಿಗಳೇ, ಇಂದು ಸಂಜೆ ನಿಮ್ಮ ಮನೆಯ ಮೇನ್ ಸ್ವಿಚ್ ಎಲ್ಲಿದೆ, ನೀರಿನ ಮುಖ್ಯ ವಾಲ್ವ್ ಯಾವುದು ಎಂದು ಹಿರಿಯರನ್ನು ಕೇಳಿ ಗುರುತಿಸಿಕೊಳ್ಳಿ.