ಮಾಧುರಿಗಾಗಿ ನಡೆದ ಕಾಲುಗಳು ಚಂದಗಡದತ್ತಲೂ ತಿರುಗಲಿ

ಜಯಸಿಂಗಪುರದ ಪಕ್ಕದ ನಾಂದಣಿ ಜೈನ ಮಠದ ಆನೆ ಮಾಧುರಿ, ಇನ್ನೊಂದು ಹೆಸರಿನಲ್ಲಿ ಮಹಾದೇವಿ, 2025ರ ಜುಲೈ ಕೊನೆಯಲ್ಲಿ ಗುಜರಾತಿನ ಜಾಮನಗರದ ವನತಾರಾ ಎಂಬ ಪ್ರಾಣಿ ಆರೈಕೆ ಕೇಂದ್ರಕ್ಕೆ ಹೋದಳು. ಜುಲೈ 16ರಂದು ಬಾಂಬೆ ಹೈಕೋರ್ಟ್ ಕೊಟ್ಟ ಸ್ಥಳಾಂತರದ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು: ಅವಳನ್ನು ವಾಪಸ್ ಕೇಳಿ ಎರಡು ಲಕ್ಷ ಮೀರಿದ ಸಹಿಗಳು, ಆಗಸ್ಟ್ 3ರಂದು ನಾಂದಣಿಯಿಂದ ಕೊಲ್ಹಾಪುರದವರೆಗೆ ಸುಮಾರು 45 ಕಿ.ಮೀ. ಮೌನ ಪಾದಯಾತ್ರೆ, ವನತಾರಾದ ಒಡೆಯರ ಮೊಬೈಲ್ ಕಂಪನಿಯ ಬಹಿಷ್ಕಾರ. ಈ ಪ್ರೀತಿಯನ್ನು ನಾಟಕ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಇದೇ ಕೊಲ್ಹಾಪುರ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಚಂದಗಡ ಮತ್ತು ಆಜರಾ ತಾಲ್ಲೂಕುಗಳಲ್ಲಿ, ಎರಡು ದಶಕಗಳಿಂದ ಕಾಡಾನೆಗಳು ಓಡಾಡುತ್ತಿವೆ. ಅವೂ ಮಾಧುರಿಯಂತೆ ಕರ್ನಾಟಕದ ಕಡೆಯಿಂದಲೇ ಬಂದವು. ಮಾಧುರಿಯನ್ನು 1992ರಲ್ಲಿ ಮಠಕ್ಕೆ ತಂದರು. ಇವು 2002ರ ಸುಮಾರಿಗೆ ದಾಂಡೇಲಿಯ ಕಾಡಿನಿಂದ ಘಟ್ಟದ ಕೆಳಗಿನ ದೋಡಾಮಾರ್ಗದ ಕಡೆಗೆ ತಾವಾಗಿಯೇ ನಡೆದು ಬಂದು, ಬಳಿಕ ಘಟ್ಟದ ಮೇಲಕ್ಕೂ ಹರಡಿದವು. ಮಠದ ಆನೆಯನ್ನು 'ವಾಪಸ್ ತನ್ನಿ' ಎಂದ ಜಿಲ್ಲೆಯಲ್ಲೇ ಕಾಡಾನೆಯನ್ನು 'ವಾಪಸ್ ಓಡಿಸಿ' ಎಂಬ ಕೂಗಿದೆ.

ಏಷ್ಯಾದ ಆನೆ ಅಳಿವಿನಂಚಿನ ಪ್ರಾಣಿ. 2010ರಿಂದ ಅದು ನಮ್ಮ ರಾಷ್ಟ್ರೀಯ ಪಾರಂಪರಿಕ ಪ್ರಾಣಿಯೂ ಹೌದು. 2025ರಲ್ಲಿ ಹೊರಬಂದ ಡಿಎನ್ಎ ಆಧಾರಿತ ಗಣತಿಯ ಪ್ರಕಾರ ದೇಶದಲ್ಲಿ ಉಳಿದಿರುವ ಕಾಡಾನೆಗಳು 22,446; ಅವುಗಳಲ್ಲಿ ಕರ್ನಾಟಕದ್ದೇ 6,013. ಈ ಲೆಕ್ಕಕ್ಕೆ ಮಠದ ಒಂಟಿ ಹೆಣ್ಣಾನೆಯಿಂದ ಸೇರುವುದು ಏನೂ ಇಲ್ಲ. ಹೆಣ್ಣಾನೆ ಹುಟ್ಟಿನಿಂದ ಸಾವಿನವರೆಗೆ ತಾಯಿ, ಅಜ್ಜಿ, ಅಕ್ಕತಂಗಿಯರ ಹಿಂಡಿನಲ್ಲಿ ಬಾಳುವ ಜೀವ. ಒಂಟಿಯಾಗಿ ಬದುಕಿದರೆ ಅದರ ವಂಶ ಅಲ್ಲಿಗೇ ನಿಂತಿತು. 'ಕಣ್ಣೆದುರು ಆನೆ ಇದ್ದರೆ ತಾನೇ ಮಕ್ಕಳಿಗೆ ಅದರ ಮೇಲೆ ಅಕ್ಕರೆ ಹುಟ್ಟುವುದು?' ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಉತ್ತರಕ್ಕೆ ಚೀನಾದ ಪಾಂಡಾವನ್ನು ನೋಡಬೇಕು. ಮೃಗಾಲಯದ ಪಾಂಡಾ ಮರಿಗೆ ಸೋಲದವರು ಯಾರು? ಆದರೂ ಅದರ ಸಂತತಿಯನ್ನು ಉಳಿಸಿದ್ದು ಆ ಮುದ್ದಾಟವಲ್ಲ. 1998ರಲ್ಲಿ ಚೀನಾ ನೈಸರ್ಗಿಕ ಕಾಡುಗಳ ಮರ ಕಡಿತಕ್ಕೆ ತಡೆ ಹಾಕಿತು, ಬಿದಿರಿನ ಬೆಟ್ಟಗಳನ್ನು 67 ಮೀಸಲು ಪ್ರದೇಶಗಳಾಗಿ ಕಾಯ್ದಿತು. ಕಾಡಿನ ಪಾಂಡಾಗಳು 1,864ಕ್ಕೆ ಏರಿದವು. 2016ರಲ್ಲಿ ಅದರ ಅಪಾಯದ ಸ್ಥಾನ ಒಂದು ಮೆಟ್ಟಿಲು ಇಳಿಯಿತು. ಅಕ್ಕರೆ ಕಾಡಿನವರೆಗೆ ತಲುಪಿದಾಗಲೇ ಫಲ ಕೊಟ್ಟಿತು.

ಪರಂಪರೆಯ ಮಾತೂ ಇದೆ. ಜೈನರ ಪಂಚಕಲ್ಯಾಣದ ಮೆರವಣಿಗೆಗೆ ಆನೆಯ ಶೋಭೆ ಬೇಕು, ನಿಜ. ತೀರ್ಥಂಕರರ ತಾಯಂದಿರ ಹದಿನಾರು ಕನಸುಗಳಲ್ಲಿ ಮೊದಲು ಕಾಣುವುದೇ ಬಿಳಿಯಾನೆ. ಅಜಿತನಾಥರ ಲಾಂಛನವೂ ಆನೆ. ಆದರೆ ಇರುವೆಯನ್ನೂ ತುಳಿಯದಂತೆ ನಡೆಯುವ ಧರ್ಮದಲ್ಲಿ ಆನೆಯ ಗೌರವ ಸರಪಳಿಯ ತುದಿಯಲ್ಲೇ ಇರಬೇಕೆಂದೇನೂ ಇಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಚಂದಗಡದ ರೈತನದು. ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇಯುವ ಪ್ರಾಣಿ ಒಂದು ರಾತ್ರಿ ಕಬ್ಬಿಗೋ ಬಾಳೆಗೋ ನುಗ್ಗಿದರೆ ವರ್ಷದ ದುಡಿಮೆ ನೆಲಕಚ್ಚುತ್ತದೆ. ಪೇಟೆಯಲ್ಲಿ ಕುಳಿತು ಅವನಿಗೆ ಪ್ರಾಣಿದಯೆ ಬೋಧಿಸುವುದು ನಾಚಿಕೆಗೇಡು. ಆದರೆ ಓಡಿಸುವುದರಿಂದ ಅವನ ಕಷ್ಟ ತೀರುವುದಿಲ್ಲ. ಈ ಊರಿಂದ ಅಟ್ಟಿದ ಆನೆ ಮುಂದಿನ ಊರಿನ ಗದ್ದೆಗೆ ಇಳಿಯುತ್ತದೆ. ಬೇಕಾದದ್ದು ತಡಮಾಡದ, ನ್ಯಾಯವಾದ ಪರಿಹಾರ, ರಾತ್ರಿ ಗಸ್ತಿಗೆ ಸಾಕಷ್ಟು ಜನ, ದಾಂಡೇಲಿಯಿಂದ ದೋಡಾಮಾರ್ಗದ ತಿಳಾರಿವರೆಗೆ ತುಂಡಾಗದ ಕಾಡಿನ ದಾರಿ. ತಿಳಾರಿಯನ್ನು 2020ರಲ್ಲಿ ಸಂರಕ್ಷಿತ ಮೀಸಲೆಂದು ಘೋಷಿಸಲಾಗಿದೆ. ಆದರೆ ಆನೆಗೆ ರಾಜ್ಯದ ಗಡಿ ತಿಳಿಯದು, ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳ ಅರಣ್ಯ ಇಲಾಖೆಗಳು ಒಂದೇ ನಕಾಶೆ ಹಿಡಿದು ಕೂರದೆ ಆ ದಾರಿ ಉಳಿಯದು. ಗಡಿಯ ಎರಡೂ ಮಗ್ಗುಲಿನ ಭಾಷೆ ಬಲ್ಲ ನಮ್ಮವರು ಈ ಒತ್ತಾಯಕ್ಕೆ ಮುಂದಾಗಬೇಕು. ಮಾಧುರಿಗಾಗಿ ಎರಡು ಲಕ್ಷ ಸಹಿ ಕೂಡಿಸಿದ ಕೈಗಳೇ ಚಂದಗಡದ ರೈತನ ಪರಿಹಾರಕ್ಕೂ ಅಲ್ಲಿನ ಆನೆಯ ದಾರಿಗೂ ಇನ್ನೊಂದು ಮನವಿ ಬರೆಯಲಿ. ಈ ಸಲ ಕೊಲ್ಹಾಪುರಕ್ಕಷ್ಟೇ ಅಲ್ಲ, ಬೆಂಗಳೂರಿಗೂ ಒಂದು ಪ್ರತಿ ಹೋಗಲಿ.