ಅತಿ ಕೆಟ್ಟ ಕಾರಿನ ಪಟ್ಟ ಯಾವುದಕ್ಕೆ?

ಜಗತ್ತಿನ ಅತಿ ಕೆಟ್ಟ ಕಾರುಗಳ ಪಟ್ಟಿ ಮಾಡುವುದು ವಾಹನಪ್ರಿಯರ ಹಳೆಯ ಹವ್ಯಾಸ. ಪಟ್ಟಿ ಯಾರೇ ಮಾಡಲಿ, ಹೆಸರುಗಳು ಹೆಚ್ಚುಕಡಿಮೆ ಅವೇ. ಪೂರ್ವ ಜರ್ಮನಿಯ ಟ್ರಾಬಾಂಟ್, ಯುಗೊಸ್ಲಾವಿಯದ ಯೂಗೊ, ಅಮೆರಿಕದ ಎಡ್ಸೆಲ್ ಮತ್ತು ಪಿಂಟೊ, ಬ್ರಿಟನ್ನಿನ ಆಸ್ಟಿನ್ ಅಲೆಗ್ರೊ, ಮೂರು ಗಾಲಿಯ ರಿಲಯಂಟ್ ರಾಬಿನ್. ನಮ್ಮ ಬೆಂಗಳೂರಿನ ರೇವಾ ಕೂಡ 'ಜಿ-ವಿಜ್' ಎಂಬ ಹೆಸರಿನಲ್ಲಿ ಬ್ರಿಟಿಷರ ಪಟ್ಟಿಗಳಿಗೆ ಸೇರಿದೆ. ನೋಡಲು ಚೆಂದವಿಲ್ಲದ ಕಾರು, ಮಾರಾಟವಾಗದ ಕಾರು, ದಾರಿಯಲ್ಲಿ ಕೈಕೊಡುವ ಕಾರು, ಜನರನ್ನು ಕೊಂದ ಕಾರು ಎಲ್ಲವೂ ಈ ಪಟ್ಟಿಗಳಲ್ಲಿ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಮೂತಿ ಸರಿಯಿಲ್ಲ ಎಂಬ ದೂರಿಗೂ ಹಿಂದಿನಿಂದ ಗುದ್ದಿದರೆ ಬೆಂಕಿ ಹತ್ತಿಕೊಳ್ಳುತ್ತದೆ ಎಂಬ ದೂರಿಗೂ ಒಂದೇ ತೂಕ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ನಾನು ಒಪ್ಪುವ ಅಳತೆ ಬೇರೆ. ಅಪಾಯವಿದೆ ಎಂದು ತಯಾರಿಸಿದವರಿಗೆ ಗೊತ್ತಿತ್ತೇ? ಸರಿಪಡಿಸುವ ದಾರಿ ಅವರ ಕೈಗೆ ಎಟುಕುವಂತಿತ್ತೇ? ಕೊಂಡವರಿಗೆ ಆ ವಿಷಯ ತಿಳಿಸಿದರೇ? ಗೊತ್ತಿದ್ದೂ, ದಾರಿಯಿದ್ದೂ, ಹೇಳದೆ ಮಾರಿದ ಕಾರು ಯಾವುದೋ ಅದೇ ಅತಿ ಕೆಟ್ಟ ಕಾರು. ಈ ಅಳತೆ ಹಿಡಿದರೆ ಪಟ್ಟಿಯ ಅರ್ಧಕ್ಕರ್ಧ ಹೆಸರುಗಳು ಉದುರಿಹೋಗುತ್ತವೆ.

ಮೊದಲು ಉದುರುವುದು ಎಡ್ಸೆಲ್. ಫೋರ್ಡ್ ಕಂಪನಿ 1957ರ ಸೆಪ್ಟೆಂಬರಿನಲ್ಲಿ ಭಾರಿ ಪ್ರಚಾರದೊಂದಿಗೆ ಇಳಿಸಿದ ಈ ಕಾರು ಮೂರು ವರ್ಷವೂ ಪೂರ್ತಿ ಬಾಳಲಿಲ್ಲ. ಕಂಪನಿಗೆ ಸುಮಾರು 25 ಕೋಟಿ ಡಾಲರು ನಷ್ಟವಾಯಿತು ಎನ್ನುತ್ತಾರೆ. ಆದರೆ ನಷ್ಟವಾದದ್ದು ಕಂಪನಿಗೆ. ಕೊಂಡವರಿಗೆ ಸಿಕ್ಕಿದ್ದು ಆ ಕಾಲದ ಬೇರೆ ಅಮೆರಿಕನ್ ಕಾರುಗಳಂಥದೇ ಒಂದು ಕಾರು, ಮುಂಭಾಗದ ಜಾಲರಿ ಮಾತ್ರ ವಿಚಿತ್ರ. ಅದನ್ನು ವ್ಯಾಪಾರದ ಪಾಠವಾಗಿ ಓದಬಹುದು, ಕೆಟ್ಟ ಕಾರಾಗಿ ಅಲ್ಲ. ಅಲೆಗ್ರೊ, ಯೂಗೊಗಳ ಮಾತೂ ಹೆಚ್ಚುಕಡಿಮೆ ಇದೇ. 1985ರಲ್ಲಿ ಅಮೆರಿಕಕ್ಕೆ ಬಂದ ಯೂಗೊದ ಬೆಲೆ 3,990 ಡಾಲರು. ಅಷ್ಟು ಕಡಿಮೆ ದುಡ್ಡಿಗೆ ಏನು ಬರುತ್ತದೆಂಬ ಅಂದಾಜು ಕೊಂಡವರಿಗೆ ಇದ್ದೇ ಇತ್ತು.

ಟ್ರಾಬಾಂಟ್ ವಿಷಯ ಇಷ್ಟು ಸುಲಭವಲ್ಲ. ಪೂರ್ವ ಜರ್ಮನಿಯ ಜ್ವಿಕಾವ್ ಪಟ್ಟಣದಲ್ಲಿ 1957ರಿಂದ 1991ರವರೆಗೆ ಮೂವತ್ತು ಲಕ್ಷಕ್ಕೂ ಹೆಚ್ಚು ಟ್ರಾಬಾಂಟ್‌ಗಳು ತಯಾರಾದವು. ಉಕ್ಕಿನ ತಗಡಿಗೆ ಬರ ಇದ್ದುದರಿಂದ ಹತ್ತಿಯ ತ್ಯಾಜ್ಯವನ್ನು ರಾಳದಲ್ಲಿ ಒತ್ತಿ ಗಟ್ಟಿಮಾಡಿದ ಡ್ಯೂರೊಪ್ಲಾಸ್ಟ್‌ನಿಂದ ಅದರ ಮೈ ಮಾಡಿದರು. ನಮ್ಮ ಹಳೆಯ ಸ್ಕೂಟರುಗಳಲ್ಲಿದ್ದಂಥ ಟೂ-ಸ್ಟ್ರೋಕ್ ಎಂಜಿನ್, ಬಹುತೇಕ ಕೊನೆಯವರೆಗೂ 26 ಅಶ್ವಶಕ್ತಿ, ಹಿಂದೆ ನೀಲಿ ಹೊಗೆ. ಪೆಟ್ರೋಲ್ ಟ್ಯಾಂಕು ಬಾನೆಟ್ಟಿನಡಿಯಲ್ಲಿ, ಎಂಜಿನ್ನಿನ ಪಕ್ಕದಲ್ಲೇ ಎತ್ತರದಲ್ಲಿ ಇದ್ದುದರಿಂದ ಪಂಪು ಬೇಕಿರಲಿಲ್ಲ, ಪೆಟ್ರೋಲ್ ತಾನಾಗಿ ಇಳಿಯುತ್ತಿತ್ತು. ಎಷ್ಟು ಉಳಿದಿದೆಯೆಂದು ನೋಡಲು ಕಡ್ಡಿ ಅದ್ದಬೇಕು. ಇಂಥ ಕಾರಿಗಾಗಿ ಜನ ಹತ್ತು ವರ್ಷಕ್ಕೂ ಮಿಕ್ಕಿ ಸರದಿಯಲ್ಲಿ ಕಾದರು.

ಇದನ್ನು ನೋಡಿ ನಗುವುದು ಪಶ್ಚಿಮದವರಿಗೆ ಸುಲಭವಾಗಿತ್ತು. ಆದರೆ ಅಲ್ಲಿನ ಎಂಜಿನಿಯರುಗಳಿಗೆ ಕೆಲಸ ಬರುತ್ತಿರಲಿಲ್ಲ ಎನ್ನುವಂತಿಲ್ಲ. ಅವರು ಹೊಸ ಮಾದರಿಗಳನ್ನು ರೂಪಿಸಿದ್ದರು, ಮೇಲಿನವರು ಬೇಡವೆಂದರು. ಪಿ-603 ಎಂಬ ಉತ್ತರಾಧಿಕಾರಿಯ ಕೆಲಸವನ್ನು 1968ರಲ್ಲಿ ನಿಲ್ಲಿಸಲಾಯಿತು. ಹಾಗಾಗಿ ಟ್ರಾಬಾಂಟ್‌ನ ಹಳೆಯತನಕ್ಕೆ ಹೊಣೆ ಒಂದು ಆಡಳಿತ. ಪೈಪೋಟಿಯೇ ಇಲ್ಲದ ಕಡೆ ಕಾರು ಹೇಗೆ ನಿಂತಲ್ಲೇ ನಿಲ್ಲುತ್ತದೆ ಎನ್ನುವುದಕ್ಕೆ ಪರ್ಮಿಟ್ ಕಾಲದ ನಮ್ಮ ಅಂಬಾಸಿಡರ್ ಕೂಡ ಸಾಕ್ಷಿ. ಎಂಜಿನ್ನಿನ ಪಕ್ಕದ ಪೆಟ್ರೋಲ್ ಟ್ಯಾಂಕು ಅಪಾಯವೇ, ಅದನ್ನು ನಾನು ಮುಚ್ಚಿಡಲಾರೆ. ಆದರೂ ಟ್ರಾಬಾಂಟ್ ಯಾರಿಗೂ ಮೋಸ ಮಾಡಲಿಲ್ಲ. ತಾನೇನೆಂದು ಬಾನೆಟ್ ಎತ್ತಿದ ಕೂಡಲೇ ತೋರಿಸುತ್ತಿತ್ತು. ಮಾಲೀಕ ಅದನ್ನು ತನ್ನ ಕೈಯಾರೆ ರಿಪೇರಿ ಮಾಡಿಕೊಳ್ಳುತ್ತಿದ್ದ, ಮಕ್ಕಳುಮರಿಯನ್ನು ಕೂರಿಸಿಕೊಂಡು ಊರು ಸುತ್ತುತ್ತಿದ್ದ, 1989ರಲ್ಲಿ ಗಡಿ ತೆರೆದಾಗ ಅದರಲ್ಲೇ ಆಚೆ ದಾಟಿದ.

ರೇವಾಗೂ ಇಷ್ಟೇ ನ್ಯಾಯ ಸಲ್ಲಬೇಕು. ಚೇತನ್ ಮೈನಿ ಮತ್ತು ಅವರ ಸಂಗಡಿಗರು ಬೆಂಗಳೂರಿನಲ್ಲಿ ಈ ಎಲೆಕ್ಟ್ರಿಕ್ ಕಾರನ್ನು ಮಾರುಕಟ್ಟೆಗೆ ತಂದದ್ದು 2001ರಲ್ಲಿ, ದೊಡ್ಡ ಕಂಪನಿಗಳು ಈ ಕಡೆ ತಲೆ ಹಾಕದಿದ್ದ ಹೊತ್ತಿನಲ್ಲಿ. ಲೆಡ್-ಆಸಿಡ್ ಬ್ಯಾಟರಿ, ಪುಟ್ಟ ಮೈ, ಒಮ್ಮೆ ಚಾರ್ಜ್ ಮಾಡಿದರೆ ಎಂಬತ್ತು ಕಿಲೋಮೀಟರಿನ ಆಸುಪಾಸು ಓಟ. ಯುರೋಪಿನಲ್ಲಿ ಅದು 'ಕ್ವಾಡ್ರಿಸೈಕಲ್' ವರ್ಗಕ್ಕೆ ಸೇರಿದ್ದರಿಂದ ಕಾರುಗಳಿಗಿರುವ ಡಿಕ್ಕಿ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. 2007ರಲ್ಲಿ ಬ್ರಿಟನ್ನಿನ ಟಾಪ್ ಗೇರ್ ಪತ್ರಿಕೆ ಮಾಡಿಸಿದ ಡಿಕ್ಕಿ ಪರೀಕ್ಷೆಯಲ್ಲಿ ಅದರ ಸ್ಥಿತಿ ಭಯ ಹುಟ್ಟಿಸುವಂತಿತ್ತು. ಆ ಟೀಕೆ ನ್ಯಾಯವಾದದ್ದು. ಊರೊಳಗೆ ನಿಧಾನವಾಗಿ ಓಡಾಡುವ ಗಾಡಿಯೆಂಬ ಕಾರಣಕ್ಕೆ ಒಳಗೆ ಕೂತವರ ಜೀವಕ್ಕೆ ಬೆಲೆ ಕಡಿಮೆಯಾಗುವುದಿಲ್ಲ. ಆದರೆ ಅದು ಕಾನೂನಿನ ಯಾವ ವರ್ಗದ ವಾಹನ, ಎಷ್ಟು ವೇಗದ ವಾಹನ ಎನ್ನುವುದು ಗುಟ್ಟಾಗಿರಲಿಲ್ಲ. ನಿಯಮದಲ್ಲಿ ಬಿರುಕಿತ್ತು, ಸಣ್ಣ ಕಂಪನಿ ಅದರೊಳಗೆ ನಿಂತು ಹೊಸದೊಂದನ್ನು ಪ್ರಯತ್ನಿಸಿತು. ಜಗತ್ತಿನ ಅತಿ ಕೆಟ್ಟ ಕಾರು ಎಂಬ ಹಣೆಪಟ್ಟಿ ಅದಕ್ಕೆ ಅನ್ಯಾಯ.

ಈಗ ಪಿಂಟೊ. 2,000 ಪೌಂಡ್ ತೂಕ, 2,000 ಡಾಲರು ಬೆಲೆ ಮೀರಬಾರದೆಂಬ, ಕಂಪನಿಯ ಹಿರಿಯ ಅಧಿಕಾರಿ ಲೀ ಅಯಕೊಕಾ ಅವರ ಗುರಿಯೊಂದಿಗೆ ಫೋರ್ಡ್ ಇದನ್ನು ತರಾತುರಿಯಲ್ಲಿ ರೂಪಿಸಿ 1970ರಲ್ಲಿ ಬಿಡುಗಡೆ ಮಾಡಿತು. ಪೆಟ್ರೋಲ್ ಟ್ಯಾಂಕು ಇದ್ದದ್ದು ಹಿಂದಿನ ಆಕ್ಸೆಲ್ಲಿಗೂ ಬಂಪರಿಗೂ ನಡುವೆ. ಹಿಂದಿನಿಂದ ಗುದ್ದಿದರೆ ಟ್ಯಾಂಕು ಮುಂದಕ್ಕೆ ಒತ್ತಿಕೊಂಡು ಡಿಫರೆನ್ಷಿಯಲ್‌ನ ಬೋಲ್ಟುಗಳಿಗೆ ಸಿಕ್ಕಿ ತೂತಾಗುತ್ತಿತ್ತು. ಕಂಪನಿಯ ಸ್ವಂತ ಪರೀಕ್ಷೆಗಳಲ್ಲೇ ಟ್ಯಾಂಕಿನ ಈ ದೌರ್ಬಲ್ಯ ಕಂಡಿತ್ತು. ತಡೆಯಲು ಬೇಕಿದ್ದ ಬಿಡಿಭಾಗಗಳಿಗೆ ಕೆಲವೇ ಡಾಲರು ಸಾಕಿತ್ತು. 1978ರಲ್ಲಿ ಇಂಥ ಅಪಘಾತದ ಮೊಕದ್ದಮೆಯೊಂದರಲ್ಲಿ ಕ್ಯಾಲಿಫೋರ್ನಿಯದ ಜ್ಯೂರಿ 12.5 ಕೋಟಿ ಡಾಲರು ದಂಡ ವಿಧಿಸಿತು, ನ್ಯಾಯಾಧೀಶರು ಅದನ್ನು 35 ಲಕ್ಷಕ್ಕೆ ಇಳಿಸಿದರು. ಅದೇ ವರ್ಷ 15 ಲಕ್ಷ ಕಾರುಗಳನ್ನು ಕಂಪನಿ ವಾಪಸ್ ಕರೆಸಿಕೊಂಡು ಟ್ಯಾಂಕಿಗೆ ರಕ್ಷಣೆ ಹಾಕಿಕೊಟ್ಟಿತು.

ಪಿಂಟೊ ಕಥೆ ಹೇಳುವವರೆಲ್ಲ ಒಂದು ಲೆಕ್ಕಪತ್ರದ ಮಾತೆತ್ತುತ್ತಾರೆ. ಕಾರೊಂದಕ್ಕೆ 11 ಡಾಲರಿನಂತೆ ಸರಿಪಡಿಸಲು 13.7 ಕೋಟಿ ಡಾಲರು ಖರ್ಚು, ಸರಿಪಡಿಸದಿದ್ದರೆ 180 ಸಾವು, ಒಂದು ಜೀವಕ್ಕೆ ಎರಡು ಲಕ್ಷ ಡಾಲರು, ಗಾಯಾಳುಗಳ ಬಾಬತ್ತು ಎಲ್ಲ ಸೇರಿ 4.95 ಕೋಟಿ. ಓದಿದರೆ ಮೈ ಉರಿಯುತ್ತದೆ. ಆದರೆ ಆ ಪತ್ರ ಪಿಂಟೊ ಕುರಿತದ್ದಲ್ಲ, ಹಿಂದಿನಿಂದ ಗುದ್ದುವ ಅಪಘಾತದ ಕುರಿತದ್ದೂ ಅಲ್ಲ. ಪಲ್ಟಿಯಾದಾಗ ಪೆಟ್ರೋಲ್ ಸೋರುವುದನ್ನು ತಡೆಯುವ ನಿಯಮದ ಬಗ್ಗೆ, ದೇಶದ ಎಲ್ಲ ಕಂಪನಿಗಳ 1.25 ಕೋಟಿ ವಾಹನಗಳ ಲೆಕ್ಕ ಹಾಕಿ ಸರ್ಕಾರಿ ಸಂಸ್ಥೆಗೆ ಕೊಟ್ಟದ್ದು. ಜೀವದ ಬೆಲೆಯೂ ಆ ಸಂಸ್ಥೆಯೇ ಬಳಸುತ್ತಿದ್ದ ಅಂಕಿ. ಗ್ಯಾರಿ ಶ್ವಾರ್ಟ್ಜ್ ಎಂಬ ಕಾನೂನು ವಿದ್ವಾಂಸರು 1991ರಲ್ಲಿ ಇದನ್ನೆಲ್ಲ ಬಿಡಿಸಿ ಬರೆದರು, ಒಟ್ಟಾರೆ ಸಾವಿನ ಪ್ರಮಾಣದಲ್ಲಿ ಪಿಂಟೊ ಆ ಕಾಲದ ಬೇರೆ ಸಣ್ಣ ಕಾರುಗಳಿಗಿಂತ ತೀರ ಕೆಟ್ಟದ್ದಾಗಿರಲಿಲ್ಲ ಎಂದೂ ತೋರಿಸಿದರು. ಹಿಂದಿನಿಂದ ಗುದ್ದಿ ಬೆಂಕಿ ಹತ್ತುವ ವಿಷಯದಲ್ಲಿ ಮಾತ್ರ ಅದು ನಿಜಕ್ಕೂ ಹಿಂದೆ ಬಿದ್ದಿತ್ತು. ಪಿಂಟೊ ತಪ್ಪಿತಸ್ಥ ಕಾರೇ, ನನ್ನ ಪಟ್ಟಿಯಲ್ಲಿ ಎರಡನೆಯ ಜಾಗ ಅದಕ್ಕಿದೆ. ಮೊದಲನೆಯದು ಬೇರೊಂದಕ್ಕೆ.

ಅದು ಷೆವರ್ಲೆ ಕೋಬಾಲ್ಟ್. ತಮಾಷೆಯ ಪಟ್ಟಿಗಳಲ್ಲಿ ಇದರ ಹೆಸರು ಅಪರೂಪ, ಯಾಕೆಂದರೆ ಅದರಲ್ಲಿ ನಗಲು ಏನೂ ಇಲ್ಲ. ಜನರಲ್ ಮೋಟಾರ್ಸ್ 2000ದ ದಶಕದ ನಡುವಿನಲ್ಲಿ ಅಮೆರಿಕದ ಮಧ್ಯಮವರ್ಗಕ್ಕೆ, ಮೊದಲ ಕಾರು ಕೊಳ್ಳುವ ಎಳೆಯರಿಗೆ ಮಾರಿದ ಸಾಧಾರಣ ಕಾರು ಅದು. ಕೇಡು ಇದ್ದದ್ದು ಇಗ್ನಿಷನ್ ಸ್ವಿಚ್ಚಿನಲ್ಲಿ. ಕೀ ತಿರುಗಿಸಲು ಬೇಕಾದ ಬಿಗಿ ಅದರೊಳಗೆ ಇರಲಿಲ್ಲ. ಕೀ ಗೊಂಚಲು ತುಸು ಭಾರವಾದರೆ, ಮೊಣಕಾಲು ತಗುಲಿದರೆ, ಗಾಡಿ ಕುಲುಕಿದರೆ ಕೀ ತಾನಾಗಿ ಹಿಂದಕ್ಕೆ ಜಾರುತ್ತಿತ್ತು. ಓಡುತ್ತಿರುವಾಗಲೇ ಎಂಜಿನ್ ಬಂದ್, ಸ್ಟೇರಿಂಗ್ ಬಿಗಿ, ಬ್ರೇಕಿಗೆ ಬಲವಿಲ್ಲ. ಇದೆಲ್ಲಕ್ಕಿಂತ ಘೋರವಾದದ್ದೆಂದರೆ, ಡಿಕ್ಕಿಯಾದಾಗ ಏರ್‌ಬ್ಯಾಗೂ ತೆರೆಯುತ್ತಿರಲಿಲ್ಲ. ಕಾಪಾಡಬೇಕಾದ ಸಾಧನ ಕಾಪಾಡಬೇಕಾದ ಕ್ಷಣದಲ್ಲೇ ಸತ್ತಿರುತ್ತಿತ್ತು.

ಎಂಜಿನ್ ಬಂದ್ ಆಗುವ ದೂರು ಕಂಪನಿಯೊಳಗೆ ಮೊದಲಿಂದಲೂ ಇತ್ತು. ಅದನ್ನು ಸುರಕ್ಷತೆಯ ಸಮಸ್ಯೆಯೆಂದು ಪರಿಗಣಿಸದೆ 'ಗ್ರಾಹಕರ ಅನುಕೂಲ'ದ ಸಮಸ್ಯೆಯೆಂದು ವರ್ಗೀಕರಿಸಿದರು. ಆಮೇಲೆ 2006ರಲ್ಲಿ ಸ್ವಿಚ್ಚನ್ನು ಬಿಗಿ ಮಾಡುವ ಬದಲಾವಣೆಗೆ ಒಪ್ಪಿಗೆ ಕೊಟ್ಟರೂ ಬಿಡಿಭಾಗದ ನಂಬರು ಹಳೆಯದೇ ಉಳಿಯಿತು. ನಂಬರು ಬದಲಾಗದ್ದರಿಂದ ಹಳೆಯ ಕಾರುಗಳಲ್ಲಿದ್ದ ಸ್ವಿಚ್ಚು ಬೇರೆ, ಹೊಸದರಲ್ಲಿರುವುದು ಬೇರೆ ಎಂದು ತನಿಖೆ ಮಾಡುವವರಿಗೆ ವರ್ಷಗಟ್ಟಲೆ ತಿಳಿಯಲಿಲ್ಲ. ಜಾರ್ಜಿಯ ರಾಜ್ಯದಲ್ಲಿ ಮಗಳನ್ನು ಕಳೆದುಕೊಂಡ ಕುಟುಂಬವೊಂದರ ಪರವಾಗಿ ಕೆಲಸ ಮಾಡಿದ ಎಂಜಿನಿಯರ್ ಎರಡು ಸ್ವಿಚ್ಚುಗಳನ್ನು ಬಿಚ್ಚಿ ಅಕ್ಕಪಕ್ಕ ಇಟ್ಟು ನೋಡಿದಾಗ ಗುಟ್ಟು ಹೊರಬಿತ್ತು. 2014ರಲ್ಲಿ 26 ಲಕ್ಷ ಕಾರುಗಳ ವಾಪಸಾತಿ, ಅಮೆರಿಕದ ಸಂಸತ್ತಿನಲ್ಲಿ ವಿಚಾರಣೆ, 15 ಜನರ ವಜಾ. ಮರುವರ್ಷ 90 ಕೋಟಿ ಡಾಲರಿನ ಒಪ್ಪಂದ. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124.

ಇದು ಕಂಪನಿಯ ತಪ್ಪು, ಕಾರಿನದು ಹೇಗಾಗುತ್ತದೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಕಾರು ತಾನಾಗಿ ಹುಟ್ಟುವುದಿಲ್ಲ. ಸ್ವಿಚ್ಚಿನ ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು, ಟ್ಯಾಂಕು ಎಲ್ಲಿರಬೇಕು ಎನ್ನುವುದೆಲ್ಲ ಯಾರೋ ಕೂತು ಮಾಡಿದ ತೀರ್ಮಾನ, ಆ ತೀರ್ಮಾನವನ್ನು ಕೊಂಡವನು ಮನೆಗೆ ಒಯ್ಯುತ್ತಾನೆ. ಹಾಗೆ ನೋಡಿದರೆ ಓಡಿಸಲು ಹಿತವಾಗಿದ್ದ ಕಾರೂ ಕೆಟ್ಟದ್ದಾಗಬಹುದು. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆ ಕಡಿಮೆ ತೋರಿಸುವ ಸಾಫ್ಟ್‌ವೇರ್ ಇಟ್ಟು ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಮಾರಿದ 1.1 ಕೋಟಿ ಡೀಸೆಲ್ ಕಾರುಗಳ ವಿಷಯ 2015ರಲ್ಲಿ ಬಯಲಾಯಿತಲ್ಲ, ಅವುಗಳ ಮಾಲೀಕರಿಗೆ ದೂರೇ ಇರಲಿಲ್ಲ. ಕೇಡು ಅನುಭವಿಸಿದವರು ಆ ಬೀದಿಗಳಲ್ಲಿ ಉಸಿರಾಡಿದವರು.

ಈ ಅಳತೆಯನ್ನು ನಮ್ಮ ರಸ್ತೆಗೂ ತರಲೇಬೇಕು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿತು. ನ್ಯಾನೊ, ಆಲ್ಟೊ 800, ಐ10, ಫಿಗೊ, ಪೋಲೊ, ಎಲ್ಲಕ್ಕೂ ಸೊನ್ನೆ ಸ್ಟಾರ್. ನಾವು ಇವುಗಳಲ್ಲಿ ಅಣಕಿಸಿದ್ದು ನ್ಯಾನೊವನ್ನು ಮಾತ್ರ, ಅದೂ ಅಗ್ಗ ಎಂಬ ಕಾರಣಕ್ಕೆ. ಉಳಿದವನ್ನು ಮೈಲೇಜ್ ಚೆನ್ನಾಗಿದೆ, ರೀಸೇಲ್ ಬೆಲೆ ಬರುತ್ತದೆ ಎಂದು ಮೆಚ್ಚಿ ಕೊಂಡೆವು. ಪರೀಕ್ಷೆಯ ನಂತರ ಏರ್‌ಬ್ಯಾಗ್ ಇಲ್ಲದ ಪೋಲೊವನ್ನು ಕಂಪನಿ ಹಿಂತೆಗೆದುಕೊಂಡಿತು. ಎರಡು ಏರ್‌ಬ್ಯಾಗ್ ಇದ್ದ ಪೋಲೊಗೆ ಅದೇ ಸಂಸ್ಥೆ ನಾಲ್ಕು ಸ್ಟಾರ್ ಕೊಟ್ಟಿತು. ಅದೇ ಮೈ, ಅದೇ ಎಂಜಿನ್, ಬದುಕುಳಿಯುವ ಸಾಧ್ಯತೆ ಮಾತ್ರ ಬೇರೆ. ಅದನ್ನು ಇಲ್ಲಿನವರಿಗೆ ಕೊಡದೆ ಉಳಿಸಿದ ದುಡ್ಡನ್ನು ನಾನು ಪಿಂಟೊದ ಕೆಲವು ಡಾಲರುಗಳ ಪಕ್ಕದಲ್ಲೇ ಇಡುತ್ತೇನೆ. ಆಗ ಕಾನೂನು ಕೇಳಿರಲಿಲ್ಲ, ನಿಜ. ಚಾಲಕನ ಏರ್‌ಬ್ಯಾಗ್ ಇಲ್ಲಿ ಕಡ್ಡಾಯವಾದದ್ದು 2019ರ ಜುಲೈಯಲ್ಲಿ.

ಕಾನೂನು ತಾನಾಗಿ ಬರಲೂ ಇಲ್ಲ. ಅಮೆರಿಕದಲ್ಲಿ ವಕೀಲ ರಾಲ್ಫ್ ನೇಡರ್ 1965ರಲ್ಲಿ ಷೆವರ್ಲೆ ಕೊರ್ವೇರ್ ಕಾರಿನ ದೋಷಗಳನ್ನು ಬರೆದರು. ಜನರಲ್ ಮೋಟಾರ್ಸ್ ಅವರ ಹಿಂದೆ ಪತ್ತೇದಾರರನ್ನು ಬಿಟ್ಟಿತು, ಕೊನೆಗೆ ಅದರ ಅಧ್ಯಕ್ಷರೇ ಸೆನೆಟ್ಟಿನಲ್ಲಿ ಕ್ಷಮೆ ಕೇಳಬೇಕಾಯಿತು. 1966ರಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು. ಕೊರ್ವೇರ್ ತನ್ನ ಕಾಲದ ಬೇರೆ ಕಾರುಗಳಿಗಿಂತ ಕೆಟ್ಟದ್ದಲ್ಲವೆಂದು 1972ರ ಸರ್ಕಾರಿ ವರದಿ ಹೇಳಿದ್ದೂ ಉಂಟು. ಆದರೂ ನೇಡರ್ ಅವರ ವಾದ ವ್ಯರ್ಥವಾಗಲಿಲ್ಲ, ಯಾಕೆಂದರೆ ಅದು ಅಂದಚೆಂದದ ಮೇಲೆ ನಡೆದ ವಾದವಲ್ಲ, ಕೂತವರ ಜೀವದ ಮೇಲೆ ನಡೆದದ್ದು.

2023ರ ಅಕ್ಟೋಬರಿನಿಂದ ನಮ್ಮಲ್ಲೂ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಜಾರಿಯಲ್ಲಿದೆ, ಆದರೆ ಕಂಪನಿಗಳಿಗೆ ಅದು ಕಡ್ಡಾಯವಲ್ಲ. ಷೋರೂಮಿನಲ್ಲಿ ಅಡ್ವಾನ್ಸ್ ಕೊಡುವ ಮುನ್ನ ಮೈಲೇಜು, ಸನ್‌ರೂಫು ಕೇಳುವಂತೆ ಇದನ್ನೂ ಕೇಳಿ: ಪರೀಕ್ಷೆಯಾದದ್ದು ನಾನು ಕೊಳ್ಳುತ್ತಿರುವ ಇದೇ ವೇರಿಯಂಟೇ, ಎಷ್ಟು ಸ್ಟಾರ್ ಬಂತು? ಉತ್ತರ ತೊದಲಿದರೆ ಎದ್ದು ಬನ್ನಿ.