ಎಚ್ಚರಿಕೆಯ ನುಡಿ ಮನೆಬಾಗಿಲಿಗೆ ಮುಟ್ಟಲಿ

ಸಂಗನಕಲ್ಲು–ಕಪ್ಪಗಲ್ಲು ಬೆಟ್ಟದಲ್ಲಿ ಬಡಿದರೆ ಗಂಟೆಯಂತೆ ನಾದಗೈಯುವ ಕರಿಬಂಡೆಗಳಿರುವುದು ಈ ಭಾಗದವರಿಗೆ ವಿದಿತವೇ ಆಗಿದೆ. ನಾದ ಹೊರಡಲು ಬಡಿಯುವ ಕೈ ಬೇಕು. ಅದು ಸಾರ್ಥಕವಾಗಲು ಕೇಳುವ ಕಿವಿ ಬೇಕು. ಆಪತ್ಕಾಲದ ಎಚ್ಚರಿಕೆಯೂ ಹೀಗೆಯೇ. ಕಚೇರಿಯಿಂದ ಪ್ರಕಟಣೆ ಹೊರಟ ಮಾತ್ರಕ್ಕೆ ಅದು ಮುಗಿಯುವುದಿಲ್ಲ. ಹೊಳೆದಂಡೆಯ ಕಟ್ಟಕಡೆಯ ಮನೆಯವರು ಅದನ್ನರಿತು ಎದ್ದು ನಡೆದಾಗಲೇ ಪೂರ್ಣವಾಗುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಲಾಗಿ, ಸುಮಾರು ಒಂದು ಲಕ್ಷ ಕ್ಯೂಸೆಕ್ ನೀರು ಹೊಳೆಗೆ ಹರಿಯಿತು. ಎಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರು. ಆದರೆ ಈ ಲೆಕ್ಕದಿಂದ ಸಿರುಗುಪ್ಪದ ರೈತನಿಗೆ ತಿಳಿಯುವುದೇನು? ಅವನಿಗೆ ಬೇಕಾದ ಉತ್ತರಗಳು ಎರಡೇ. ನೀರು ತನ್ನೂರಿನ ಯಾವ ಗುರುತಿನವರೆಗೆ, ಎಷ್ಟು ಹೊತ್ತಿಗೆ ಏರುವುದು? ಜಲಾಶಯ ಬರಿದಾದರೆ ನಾಟಿ ಮಾಡಿದ ಭತ್ತಕ್ಕೆ ಕಾಲುವೆಯ ನೀರು ದೊರೆಯುವುದೇ? ಒಂದೇ ಘಟನೆಯಿಂದ ಒಬ್ಬನಿಗೇ ನೆರೆಯ ಭಯವೂ ಬರದ ಭಯವೂ ಒದಗಿದವು.

ನಿಜ ಹೇಳಿದರೆ ಜನ ಗಾಬರಿಯಾದಾರೆಂದು ಅಂಜುವವರುಂಟು. ಈ ಅಭಿಪ್ರಾಯ ಸಾಧುವಲ್ಲ. ಅಧಿಕಾರಿಗಳು ಮೌನ ವಹಿಸಿದಲ್ಲಿ ವದಂತಿ ಮಾತನಾಡತೊಡಗುತ್ತದೆ. ಗೇಟು ಹೋಯಿತೆಂಬ ಸುದ್ದಿ ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಅಣೆಕಟ್ಟೇ ಒಡೆಯಿತೆಂದಾಗುತ್ತದೆ. ತಿಳಿದುದನ್ನು ತಿಳಿದಂತೆ, ತಿಳಿಯದುದನ್ನು ತಿಳಿಯದೆಂದೇ ಹೇಳಿ, ಮುಂದಿನ ಸುದ್ದಿ ಯಾವಾಗ ಬರುವುದೆಂದು ತಿಳಿಸುವುದೇ ಜನರಿಗೆ ಧೈರ್ಯ ತುಂಬುವ ಮಾರ್ಗ.

ಏನನ್ನು ಹೇಳಬೇಕೆಂಬ ವಿವೇಕವೂ ಅವಶ್ಯ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದ ಮಳೆ–ನೆರೆಗೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ಅನೇಕರು ಹೊಳೆಯಲ್ಲಿ ಮುಳುಗಿದವರಲ್ಲ. ನೆನೆದ ಮಣ್ಣಿನ ಗೋಡೆ ಕುಸಿದು ಮಡಿದವರು. ಹೊಳೆಯ ಮಟ್ಟವನ್ನು ಸಾರಿದವರು ಗೋಡೆಯ ವಿಷಯವನ್ನೂ ಸಾರಬೇಕಾಗಿತ್ತು.

2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳಿಗೆ ಏಕಕಾಲಕ್ಕೆ ಪರೀಕ್ಷಾರ್ಥ ಎಚ್ಚರಿಕೆಯ ಸಂದೇಶ ಬಂದಿತು. ಈ ಸಾಧನ ಸ್ವಾಗತಾರ್ಹವೇ. ಆದರೆ ಫೋನಿಲ್ಲದ ವೃದ್ಧೆಗೆ, ಓದುಬಾರದ ಕೂಲಿಯಾಳಿಗೆ ಪರಿಚಿತರ ಬಾಯಿಮಾತೇ ಆಸರೆ. ಹನ್ನೆರಡನೆಯ ಶತಮಾನದ ಶರಣರು ಹಿರಿದಾದ ತತ್ತ್ವವನ್ನು ಜನರಾಡುವ ನುಡಿಯಲ್ಲಿಯೇ ಹೇಳಿದರು. ಆ ಪರಂಪರೆಯ ವಿದ್ಯಾಸಂಸ್ಥೆಗಳಿಗೆ ಇದು ಹೊಸ ಪಾಠವಲ್ಲ.

ಪ್ರತಿವರ್ಷ ಮುಂಗಾರಿಗೆ ಮೊದಲು ವಿದ್ಯಾರ್ಥಿಗಳು ಗುರುಗಳೊಡನೆ ಹಳ್ಳಿಗಳಿಗೆ ಹೋಗಿ, ಹಿಂದಿನ ನೆರೆ ಏರಿದ ಗುರುತನ್ನು ಹಿರಿಯರಿಂದ ಕೇಳಿ ಗೋಡೆಯ ಮೇಲೆ ಬರೆಯಲಿ. ವೃದ್ಧರು, ಅಂಗವಿಕಲರು ಇರುವ ಮನೆಗಳನ್ನು ಪಟ್ಟಿ ಮಾಡಲಿ. ಯಾರು ಯಾರ ಬಾಗಿಲು ತಟ್ಟಬೇಕೆಂದು ಗೊತ್ತುಮಾಡಲಿ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಇದಕ್ಕೆ ಕೈಗೂಡಿಸಲಿ. ನೆರೆ ಬಂದ ಮೇಲೆ ಗಂಜಿ ಕೇಂದ್ರ ತೆರೆಯುವುದು ದಾಸೋಹವಾದರೆ, ಅದು ಬರುವ ಮುನ್ನ ಬಾಗಿಲು ತಟ್ಟುವುದೂ ದಾಸೋಹವೇ.